ಮೈಸೂರಿನ ಪುಟ್ಟ ರನ್‌ವೇಗೆ ಯಾವ ವಿಮಾನ? ಎಟಿಆರ್, ಸರಸ್, ಸೂಪರ್‌ಜೆಟ್ ಗೊಂದಲ ಬಿಡಿಸಿ ನೋಡೋಣ

2025ರ ಅಕ್ಟೋಬರ್ 27ಕ್ಕೆ ಮಾಸ್ಕೋದಲ್ಲಿ ನಮ್ಮ ಎಚ್‌ಎಎಲ್ ಮತ್ತೆ ರಷ್ಯಾದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಸೇರಿ ಒಂದು ಒಡಂಬಡಿಕೆಗೆ ಸಹಿ ಹಾಕಿದ್ವು, ಎಸ್‌ಜೆ-100, ಅಂದ್ರೆ ಸೂಪರ್‌ಜೆಟ್ ಅನ್ನೋ ಪ್ರಯಾಣಿಕರ ಜೆಟ್ಟನ್ನ ಭಾರತದಲ್ಲೇ ತಯಾರಿಸೋದಕ್ಕೆ. ಸುದ್ದಿ ಬಂದ ತಕ್ಷಣ ಎಲ್ಲಾ ಕಡೆ ಒಂದೇ ಮಾತು, ಇನ್ಮೇಲೆ ಉಡಾನ್ (ಚಿಕ್ಕ ಊರುಗಳಿಗೆ ಸಬ್ಸಿಡಿ ಕೊಟ್ಟು ವಿಮಾನ ಹಾರಿಸೋ ಕೇಂದ್ರದ ಯೋಜನೆ) ಊರುಗಳಿಗೆಲ್ಲ ನಮ್ಮದೇ ವಿಮಾನ ಅಂತ. ಅದರ ಹಿಂದೇನೇ ಪ್ರಶ್ನೆಗಳೂ ಶುರುವಾದ್ವು. ಹಾಗಾದ್ರೆ ಬೆಂಗಳೂರಿನ ಎನ್‌ಎಎಲ್‌ನವರು ಇಷ್ಟು ವರ್ಷ ಮಾಡ್ತಿದ್ದ ಸರಸ್ ಅನ್ನೋ ಪುಟ್ಟ ವಿಮಾನ ಏನಾಯ್ತು? 90 ಸೀಟಿನ ದೇಶೀ ವಿಮಾನ ಬರುತ್ತೆ ಅಂತ ಕೇಳ್ತಾನೇ ಇದ್ದೀವಲ್ಲ, ಅದೆಲ್ಲಿ? ಹುಬ್ಬಳ್ಳಿಗೋ ಮೈಸೂರಿಗೋ ಹೋಗೋ ಆ ಫ್ಯಾನ್ ಇರೋ ಎಟಿಆರ್ ವಿಮಾನ ಹಳೇದು ಅಂತ ಬಿಟ್ಟು ಜೆಟ್ಟಿಗೆ ಹೋಗ್ತಿದ್ದೀವಾ?

ಈ ಪ್ರಶ್ನೆಗಳೆಲ್ಲ ಒಂದಕ್ಕೊಂದು ಹೆಣ್ಕೊಂಡಿವೆ, ಬಿಡಿಬಿಡಿಯಾಗಿ ಉತ್ತರ ಹುಡುಕಿದ್ರೆ ತಲೆ ಕೆಡುತ್ತೆ. ಹಾಗಾಗಿ ಬುಡದಿಂದ ಬರೋಣ.

ಫ್ಯಾನ್ ಇದ್ರೆ ಹಳೇದಲ್ಲ

ಎಟಿಆರ್ ಥರದ ಫ್ಯಾನ್ ವಿಮಾನಕ್ಕೆ ಟರ್ಬೋಪ್ರಾಪ್ ಅಂತಾರೆ, ಅದರಲ್ಲಿರೋದು ಹಳೇ ಕಾಲದ ಪಿಸ್ಟನ್ ಎಂಜಿನ್ ಅಲ್ಲ. ಒಳಗಿರೋದು ಜೆಟ್ಟಲ್ಲಿರೋ ಥರದ್ದೇ ಗ್ಯಾಸ್ ಟರ್ಬೈನ್. ವ್ಯತ್ಯಾಸ ಎಲ್ಲಿ ಅಂದ್ರೆ, ಜೆಟ್ ಎಂಜಿನ್ ಗಾಳಿಯನ್ನ ಜೋರಾಗಿ ಹಿಂದಕ್ಕೆ ಉಗುಳಿ ವಿಮಾನವನ್ನ ಮುಂದಕ್ಕೆ ತಳ್ಳುತ್ತೆ, ಟರ್ಬೋಪ್ರಾಪಲ್ಲಿ ಆ ಟರ್ಬೈನಿನ ಶಕ್ತಿ ಹೆಚ್ಚೂಕಡಿಮೆ ಪೂರ್ತಿ ಒಂದು ಗೇರ್‌ಬಾಕ್ಸ್ ಮೂಲಕ ದೊಡ್ಡ ಪ್ರೊಪೆಲ್ಲರ್ ತಿರುಗಿಸೋದಕ್ಕೆ ಹೋಗುತ್ತೆ. ಎಟಿಆರ್ 72ರ ಪ್ರೊಪೆಲ್ಲರ್ ನೋಡಿ, ಆರು ಬ್ಲೇಡು, ಈ ಕಡೆಯಿಂದ ಆ ಕಡೆಗೆ ಹತ್ತಿರ ಹತ್ತಿರ 4 ಮೀಟರ್. ಅಷ್ಟು ಅಗಲದ ಗಾಳಿಯನ್ನ ಅದು ನಿಧಾನಕ್ಕೆ ಹಿಂದಕ್ಕೆ ದೂಡುತ್ತೆ. ಹೊಳೇಲಿ ತೆಪ್ಪ ನಡೆಸೋರು ಸಣ್ಣ ಕೋಲಿಂದ ಪಟಪಟ ಅಂತ ಹೊಡೆಯಲ್ಲ, ಅಗಲ ಹುಟ್ಟು ಹಿಡ್ಕೊಂಡು ನಿಧಾನವಾಗಿ ಎಳೀತಾರೆ, ಕಡಿಮೆ ದಣಿವಲ್ಲಿ ಜಾಸ್ತಿ ದೂರ ಸಾಗುತ್ತೆ. ಕಡಿಮೆ ವೇಗದಲ್ಲಿ ಪ್ರೊಪೆಲ್ಲರ್ ಇಂಧನ ಉಳಿಸೋದೂ ಇದೇ ಕಾರಣಕ್ಕೆ.

ವೇಗ ಕಡಿಮೆ ಅನ್ನೋದು ನಿಜ. ಎಟಿಆರ್ ಗಂಟೆಗೆ ಸುಮಾರು 510 ಕಿಮೀ, ಏರ್‌ಬಸ್ ಎ320 ಥರದ್ದು 830 ಕಿಮೀ ಆಸುಪಾಸು. ಆದ್ರೆ ಬೆಂಗಳೂರು–ಹುಬ್ಬಳ್ಳಿ ಥರದ ದಾರಿ ತಗೊಳ್ಳಿ. ಆಕಾಶಮಾರ್ಗದಲ್ಲಿ 400 ಕಿಮೀ ಒಳಗೇನೇ, ಅದರಲ್ಲಿ ಏರೋದಕ್ಕೆ ಇಳಿಯೋದಕ್ಕೆ ಹೋಗೋದನ್ನ ಬಿಟ್ರೆ ಪೂರ್ತಿ ವೇಗದಲ್ಲಿ ಹಾರೋದು ಹೆಚ್ಚಂದ್ರೆ 250 ಕಿಮೀ ಅಂತಿಟ್ಕೊಳ್ಳಿ. ಅಷ್ಟು ದೂರಕ್ಕೆ ಎಟಿಆರ್‌ಗೆ 29 ನಿಮಿಷ, ಜೆಟ್ಟಿಗೆ 18 ನಿಮಿಷ. ಉಳಿಯೋದು 11 ನಿಮಿಷ. ಆ 11 ನಿಮಿಷಕ್ಕೋಸ್ಕರ ಸುಡೋ ಇಂಧನ ಎಷ್ಟು ಅಂದ್ರೆ, ಅಷ್ಟೇ ಸೀಟಿನ ಜೆಟ್ಟಿಗಿಂತ ತಮ್ಮದು 40%ಗೂ ಹೆಚ್ಚು ಉಳಿಸುತ್ತೆ ಅಂತ ಎಟಿಆರ್ ಕಂಪನಿ ಲೆಕ್ಕ ಕೊಡುತ್ತೆ. ಕಂಪನಿ ತನ್ನ ಮಾಲಿನ ಬಗ್ಗೆ ಹೇಳೋದು ಅಂತ ಸ್ವಲ್ಪ ಕಳೆದ್ರೂ ಅಂತರ ದೊಡ್ಡದೇ. ಸಾವಿರ ಕಿಮೀ ಮೀರಿದ ಮೇಲೆ ಲೆಕ್ಕ ಬದಲಾಗುತ್ತೆ, ಅಲ್ಲಿ ಜೆಟ್ಟೇ ಸರಿ. ಚಿಕ್ಕ ಊರಿಂದ ಹತ್ತಿರದ ದೊಡ್ಡ ಊರಿಗೆ ಅಂದ್ರೆ ಟರ್ಬೋಪ್ರಾಪ್.

ಎಟಿಆರ್ ಒಂದೇ ಉಳ್ಕೊಂಡಿದ್ದು ಹೇಗೆ

1981ರಲ್ಲಿ ಫ್ರಾನ್ಸಿನ ಏರೋಸ್ಪಾಸಿಯಾಲ್ ಮತ್ತೆ ಇಟಲಿಯ ಏರಿಟಾಲಿಯಾ ಎರಡೂ ಒಂದೇ ಥರದ ವಿಮಾನದ ಯೋಚನೆಯಲ್ಲಿದ್ವು, ಇಬ್ಬರೂ ಬೇರೆಬೇರೆ ಮಾಡಿ ಇಬ್ಬರೂ ನಷ್ಟಕ್ಕೆ ಬೀಳೋದಕ್ಕಿಂತ ಒಟ್ಟಿಗೆ ಮಾಡೋಣ ಅಂತ ಎಟಿಆರ್ ಹುಟ್ಟುಹಾಕಿದ್ರು. ಮೊದಲು ಬಂದಿದ್ದು ಎಟಿಆರ್ 42, ಅದು 1984ರ ಆಗಸ್ಟ್‌ನಲ್ಲಿ ಹಾರಿತು. ಅದನ್ನೇ ಉದ್ದ ಮಾಡಿ ಎಟಿಆರ್ 72 ಮಾಡಿದ್ರು, 1988ರ ಅಕ್ಟೋಬರ್‌ನಲ್ಲಿ ಹಾರಿ ಮರುವರ್ಷ ಫಿನ್‌ಲ್ಯಾಂಡಲ್ಲಿ ಸರ್ವೀಸಿಗೆ ಬಂತು. ನಾವು ಈಗ ಹತ್ತೋ 72-600 ಆ ಮೂಲ ವಿನ್ಯಾಸದ್ದೇ ಮೊಮ್ಮಗು, ಎಂಜಿನ್ನು, ಕಾಕ್‌ಪಿಟ್ಟು, ಸೀಟು ಎಲ್ಲ ಹೊಸದು.

ಈ ವಿಮಾನದಲ್ಲಿ ಖರ್ಚು ಉಳಿಸೋ ಯೋಚನೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದಕ್ಕೆ ಒಂದೇ ಒಂದು ವಿಷಯ ನೋಡಿ. ದೊಡ್ಡ ವಿಮಾನಗಳ ಬಾಲದಲ್ಲಿ ಒಂದು ಪುಟ್ಟ ಎಂಜಿನ್ ಇರುತ್ತೆ, ನೆಲದ ಮೇಲೆ ನಿಂತಾಗ ಕರೆಂಟು ಎಸಿ ಕೊಡೋದಕ್ಕೆ. ಎಟಿಆರಲ್ಲಿ ಅದೇ ಇಲ್ಲ. ಬಲಗಡೆ ಎಂಜಿನ್ ಓಡ್ತಾ ಇರುತ್ತೆ, ಅದರ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸಿರ್ತಾರೆ, ಇದನ್ನ ಹೋಟೆಲ್ ಮೋಡ್ ಅಂತಾರೆ. ಪ್ರಯಾಣಿಕರು ಹತ್ತೋದು ಎಡಗಡೆ ಹಿಂದಿನ ಬಾಗಿಲಿಂದ, ಆ ಬಾಗಿಲಿಗೇ ಅಂಟಿಕೊಂಡ ಮೆಟ್ಟಿಲು, ಹಾಗಾಗಿ ಏರೋಬ್ರಿಜ್ಜೂ ಬೇಡ ಏಣಿಗಾಡೀನೂ ಬೇಡ. ಕಲಬುರಗಿ ಥರದ ಏರ್‌ಪೋರ್ಟಲ್ಲಿ ಹತ್ತಾರು ಗಾಡಿ, ಮೆಷಿನ್ ಇಟ್ಕೊಳ್ಳೋ ಖರ್ಚೇ ಇಲ್ಲದೆ ವಿಮಾನ ಬಂದು ಅರ್ಧ ಗಂಟೇಲಿ ವಾಪಸ್ ಹೋಗ್ಬೋದು.

2000ದ ಶುರುವಿನಲ್ಲಿ ಎಟಿಆರ್‌ಗೆ ಆರ್ಡರ್ ಬತ್ತಿಹೋಗಿತ್ತು. ಅಮೆರಿಕದ ಕಂಪನಿಗಳೆಲ್ಲ 50 ಸೀಟಿನ ಸಣ್ಣ ಜೆಟ್ಟುಗಳ ಹಿಂದೆ ಬಿದ್ದಿದ್ವು, ಪ್ರೊಪೆಲ್ಲರ್ ಕಾಲ ಮುಗೀತು ಅಂತಾನೇ ಎಲ್ಲ ಅಂದ್ಕೊಂಡ್ರು. ಆಮೇಲೆ ತೈಲದ ರೇಟ್ ಏರ್ತು, ಆ ಪುಟ್ಟ ಜೆಟ್ಟುಗಳು ಲೆಕ್ಕಕ್ಕೆ ಬರದೇ ಹೋದ್ವು, ಎಟಿಆರ್ ಮತ್ತೆ ಎದ್ದು ನಿಂತಿತು. ಅಷ್ಟರಲ್ಲಿ ಸ್ವೀಡನ್ನಿನ ಸಾಬ್, ಡಚ್ಚರ ಫೊಕರ್, ಬ್ರಿಟನ್ನಿನ ತಯಾರಕರು ಎಲ್ಲ ಈ ಧಂದೆ ಬಿಟ್ಟಿದ್ರು. ಉಳಿದಿದ್ದ ಒಬ್ಬನೇ ಪೈಪೋಟಿದಾರ ಕೆನಡಾದ ಡ್ಯಾಶ್ 8, ಸ್ಪೈಸ್‌ಜೆಟ್ಟಲ್ಲಿ ಕ್ಯೂ400 ಅಂತ ಹಾರ್ತಿತ್ತಲ್ಲ ಅದೇ, ಅದರ ತಯಾರಿಕೇನೂ 2021ರಲ್ಲಿ ನಿಂತುಹೋಯ್ತು. ಅಂದ್ರೆ ಇವತ್ತು 70 ಸೀಟಿನ ಹೊಸ ಟರ್ಬೋಪ್ರಾಪ್ ಬೇಕು ಅಂದ್ರೆ ನಮ್ಮ ಏರ್‌ಲೈನುಗಳು ಹೋಗಬೇಕಾದ್ದು ಫ್ರಾನ್ಸಿನ ಟುಲೂಸಿಗೆ. ಪೈಪೋಟಿ ಇಲ್ಲದ ಕಡೆ ರೇಟು, ಡೆಲಿವರಿ ತಾರೀಕು, ಬಿಡಿಭಾಗ ಎಲ್ಲ ಮಾರೋನ ಕೈಲಿ. ಭಾರತಕ್ಕೆ ಸ್ವಂತ ವಿಮಾನ ಬೇಕು ಅನ್ನೋ ವಾದಕ್ಕೆ ನಿಜವಾದ ಬಲ ಇರೋದು ಇಲ್ಲಿ, ಬರೀ ದೇಶಾಭಿಮಾನದ ಪ್ರಶ್ನೆ ಅಲ್ಲ ಇದು.

78 ಸೀಟೇ ಯಾಕೆ?

ಇಂಡಿಗೋ ಎಟಿಆರ್ ಹತ್ತಿದೋರು ಎಣಿಸಿದ್ರೆ ಸೀಟು 78 ಇರುತ್ತೆ. ಈ ಸಂಖ್ಯೆ ಸುಮ್ಸುಮ್ನೆ ಬಂದಿದ್ದಲ್ಲ.

ನಮ್ಮಲ್ಲಿ 2 ನಿಯಮ ಇವೆ. ಒಂದು, 80ಕ್ಕಿಂತ ಕಡಿಮೆ ಸೀಟಿನ ವಿಮಾನ ದೇಶದೊಳಗಿನ ಶೆಡ್ಯೂಲ್ಡ್ ಸರ್ವೀಸ್ ಮಾಡಿದ್ರೆ ಬಹುತೇಕ ಏರ್‌ಪೋರ್ಟುಗಳಲ್ಲಿ ಲ್ಯಾಂಡಿಂಗ್ ಚಾರ್ಜ್ ಇಲ್ಲ. ಇನ್ನೊಂದು ಇಂಧನದ ಟ್ಯಾಕ್ಸ್. ವಿಮಾನದ ಇಂಧನ ಜಿಎಸ್‌ಟಿ ಒಳಗೆ ಬಂದಿಲ್ಲ, ರಾಜ್ಯಗಳು ತಮಗೆ ಬೇಕಾದ ಹಾಗೆ ವ್ಯಾಟ್ ಹಾಕ್ತಾವೆ, 29% ಹಾಕಿರೋ ರಾಜ್ಯಾನೂ ಉಂಟು. ಆದ್ರೆ ಹಾರುವಾಗಿನ ಗರಿಷ್ಠ ತೂಕ 40,000 ಕಿಲೋಗಿಂತ ಕಡಿಮೆ ಇರೋ ವಿಮಾನಕ್ಕೆ ಮಾರೋ ಇಂಧನವನ್ನ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬೇರೆ ಪಟ್ಟೀಲಿ ಇಟ್ಟಿದೆ, ಅದರ ಮೇಲೆ ರಾಜ್ಯದ ತೆರಿಗೆ 5% ಮೀರೋ ಹಾಗಿಲ್ಲ. ಏರ್‌ಲೈನಿನ ಖರ್ಚಲ್ಲಿ ಇಂಧನಾನೇ ಎಲ್ಲಕ್ಕಿಂತ ದೊಡ್ಡ ಬಾಬ್ತು ಅನ್ನೋದನ್ನ ನೆನಪಿಟ್ಕೊಂಡು ಈ ಅಂತರ ನೋಡಿ.

ಎಟಿಆರ್ 72-600 ತೂಕ ಸುಮಾರು 23,000 ಕಿಲೋ, ಸೀಟು 78. 2 ನಿಯಮದ ಒಳಗೂ ಸಲೀಸಾಗಿ ಕೂರುತ್ತೆ. ಚಿಕ್ಕ ಊರಿನ ಟಿಕೆಟ್ ರೇಟು ನಿಂತಿರೋದೇ ಈ ರಿಯಾಯ್ತಿ ಮೇಲೆ.

ಈಗ ಎಸ್‌ಜೆ-100 ಇಟ್ಟು ನೋಡಿ. ಅದರ ಹಾರುವ ತೂಕ 45 ಟನ್ ಮೀರುತ್ತೆ, ಸೀಟು 100ರ ಆಸುಪಾಸು. ಇಂಧನದ ರಿಯಾಯ್ತಿಯಿಂದಲೂ ಹೊರಗೆ, ಲ್ಯಾಂಡಿಂಗ್ ರಿಯಾಯ್ತಿಯಿಂದಲೂ ಹೊರಗೆ. ಇದು ವಿಮಾನದ ತಪ್ಪಲ್ಲ, ಅದು ಬೇರೆ ಅಳತೆಯ ವಿಮಾನ ಅಷ್ಟೇ. ಆದ್ರೆ ಉಡಾನ್ ಊರುಗಳಿಗೆ ಇದೇ ಉತ್ತರ ಅಂತ ಹೇಳೋವಾಗ ಈ ಲೆಕ್ಕ ಯಾರೂ ಎತ್ತುತ್ತಿಲ್ಲ. ನಿಯಮಾನೇ ಬದಲಾಯಿಸ್ಬೋದು ನಿಜ, ಬದಲಾಯಿಸಿದ್ರೆ ತೆರಿಗೆ ಕಳ್ಕೊಳ್ಳೋದು ರಾಜ್ಯಗಳು, ಅವು ಸುಲಭಕ್ಕೆ ಒಪ್ಪಲ್ಲ.

1,740 ಮೀಟರ್

ಮೈಸೂರು ಏರ್‌ಪೋರ್ಟಿನ ರನ್‌ವೇ 1,740 ಮೀಟರ್. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರೋ ಊರು, ಎತ್ತರ ಜಾಸ್ತಿ ಆದಷ್ಟೂ ಗಾಳಿ ತೆಳು, ಬಿಸಿಲು ಜಾಸ್ತಿ ಆದಷ್ಟೂ ಇನ್ನೂ ತೆಳು, ಆಗ ವಿಮಾನಕ್ಕೆ ಮೇಲೇಳೋದಕ್ಕೆ ಇನ್ನಷ್ಟು ಓಟ ಬೇಕಾಗುತ್ತೆ. ತುಂಬಿದ ಎ320ಗೆ ಸಮುದ್ರಮಟ್ಟದಲ್ಲೇ 2,000 ಮೀಟರ್ ಬೇಕು. ಎಟಿಆರ್ 72ಕ್ಕೆ ಅದೇ ಪರಿಸ್ಥಿತೀಲಿ 1,300 ಮೀಟರ್ ಸಾಕು. ಅದಕ್ಕೇ 2010ರಲ್ಲಿ ಕಿಂಗ್‌ಫಿಶರ್ ಬಂದಾಗಿಂದ ಮೈಸೂರಿನ ದಿನನಿತ್ಯದ ಸರ್ವೀಸ್ ಅಂದ್ರೆ ಹೆಚ್ಚಾಗಿ ಎಟಿಆರ್ ಅಂತಲೇ ಆಗಿದೆ. ರನ್‌ವೇ ಉದ್ದ ಮಾಡೋ ಯೋಜನೆ ವರ್ಷಗಳಿಂದ ಇದೆ, ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ, ಜನರ ಜಮೀನು. ಒಂದೊಂದು ಮೀಟರ್ ಉದ್ದ ಮಾಡೋದಕ್ಕೂ ಭೂಸ್ವಾಧೀನ ಆಗ್ಬೇಕು.

ಲಕ್ಷದ್ವೀಪದ ಅಗತ್ತಿ ಇನ್ನೂ ಕಷ್ಟದ್ದು, ಅಲ್ಲಿ ರನ್‌ವೇ 1,200 ಮೀಟರ್ ಚಿಲ್ಲರೆ, 2 ಕಡೆ ಸಮುದ್ರ. ಕೊಚ್ಚಿಯಿಂದ ಅಲಯನ್ಸ್ ಏರ್‌ನ ಎಟಿಆರ್ ಅಲ್ಲಿಗೆ ಹೋಗುತ್ತೆ. ಶಿಮ್ಲಾದ್ದು ಗುಡ್ಡದ ತುದಿ ಕತ್ತರಿಸಿ ಮಾಡಿದ ರನ್‌ವೇ, 2017ರ ಏಪ್ರಿಲ್ 27ಕ್ಕೆ ಉಡಾನ್ ಯೋಜನೆಯ ಮೊದಲ ವಿಮಾನ ಶಿಮ್ಲಾ–ದೆಹಲಿ ಹಾರಿದ್ದು, ಅದೂ ಎಟಿಆರ್ 42. ಶಿವಮೊಗ್ಗದಲ್ಲಿ ಮಾತ್ರ ಉಲ್ಟಾ, ಅಲ್ಲಿ 3,200 ಮೀಟರಿನ ರನ್‌ವೇ ಕಟ್ಟಿದ್ದಾರೆ, ದೊಡ್ಡ ಜೆಟ್ಟೇ ಇಳೀಬೋದು, ಆದ್ರೂ 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಬಂದ ಮೊದಲ ಪ್ರಯಾಣಿಕರ ವಿಮಾನ ಎಟಿಆರ್. ಯಾಕಂದ್ರೆ ರನ್‌ವೇ ಇದ್ರೆ ಸಾಲದು, 180 ಸೀಟು ದಿನಾ ತುಂಬೋ ಜನಾನೂ ಬೇಕಲ್ಲ.

ಪ್ರಯಾಣಿಕರನ್ನ ಸಾಗಿಸೋದಷ್ಟೇ ಇದರ ಕೆಲಸ ಅಂದ್ಕೊಬೇಡಿ. ಇದೇ ಜಾತಿಯ ವಿಮಾನ ಕೊರಿಯರ್ ಸಾಮಾನು ಹೊರುತ್ತೆ, ಫೆಡೆಕ್ಸ್‌ಗೋಸ್ಕರ ಎಟಿಆರ್‌ನವರು ಫ್ಯಾಕ್ಟರಿಯಲ್ಲೇ ಸರಕಿನ ಮಾದರಿ ಮಾಡಿ ಕೊಟ್ರು. ಸಮುದ್ರ ಕಾಯೋದಕ್ಕೆ ಇಟಲಿ, ಟರ್ಕಿ ಇದನ್ನೇ ಬಳಸ್ತಾವೆ. ನಮ್ಮ ಕರಾವಳಿ ಕಾವಲು ಪಡೆ, ನೌಕಾಪಡೆ ಹಾರಿಸೋ ಡಾರ್ನಿಯರ್ 228 ಕೂಡ 19 ಸೀಟಿನ ಟರ್ಬೋಪ್ರಾಪೇ, ಕಾನ್ಪುರದಲ್ಲಿ ಎಚ್‌ಎಎಲ್ ಮಾಡ್ತಿರೋದು. ಅದರ ನಾಗರಿಕ ಮಾದರಿ 2022ರ ಏಪ್ರಿಲ್ 12ಕ್ಕೆ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟಿಗೆ ಪ್ರಯಾಣಿಕರನ್ನ ಕರ್ಕೊಂಡು ಹೋಯ್ತು.

ಸೇಫಾ?

ಫ್ಯಾನ್ ವಿಮಾನ ಬಿದ್ದುಹೋಗುತ್ತೆ ಅನ್ನೋ ಭಯ ಸುಳ್ಳಲ್ಲ, ಹಾಗಾಗಿ ಅದನ್ನ ಹೇಳದೇ ಬಿಟ್ಟು ಹೋಗೋದು ಸರಿಯಲ್ಲ. 2023ರ ಜನವರಿ 15ಕ್ಕೆ ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದು 72 ಜನ ಹೋದ್ರು. 2024ರ ಆಗಸ್ಟ್ 9ಕ್ಕೆ ಬ್ರೆಜಿಲಿನ ವಿನ್ಯೆದೋದಲ್ಲಿ 62 ಜನ. ಪೋಖರಾದಲ್ಲಿ ಆಗಿದ್ದು ಪೈಲಟ್ ಫ್ಲ್ಯಾಪ್ ಲಿವರ್ ಎಳೆಯೋ ಬದಲು ಪಕ್ಕದ ಕಂಡೀಶನ್ ಲಿವರುಗಳನ್ನ (ಪ್ರೊಪೆಲ್ಲರ್ ನಿಯಂತ್ರಿಸೋವು) ಎಳೆದುಬಿಟ್ಟಿದ್ದು ಅಂತ ತನಿಖೆ ಹೇಳಿತು, ಪ್ರೊಪೆಲ್ಲರ್ ಬ್ಲೇಡುಗಳು ಗಾಳಿಗೆ ಅಂಚು ಕೊಟ್ಟು ನಿಂತವು, ಎಂಜಿನ್ ಓಡ್ತಿದ್ರೂ ತಳ್ಳೋ ಶಕ್ತಿ ಶೂನ್ಯ. ಇನ್ನೊಂದು ಹಳೇ ಶತ್ರು ಮಂಜುಗಡ್ಡೆ. ಟರ್ಬೋಪ್ರಾಪ್ ಹಾರೋದು 17,000–25,000 ಅಡೀಲಿ, ಮೋಡ ದಟ್ಟವಾಗಿರೋ ಮಟ್ಟ ಅದು, ಜೆಟ್ಟುಗಳ ಹಾಗೆ ಅದರ ಮೇಲೆ ಹತ್ತಿಬಿಡೋದಕ್ಕೆ ಆಗಲ್ಲ, ರೆಕ್ಕೆಗೆ ಐಸ್ ಕಟ್ಟೋ ಸಾಧ್ಯತೆ ಜಾಸ್ತಿ. 1994ರಲ್ಲಿ ಅಮೆರಿಕದ ರೋಸ್‌ಲಾನ್‌ನಲ್ಲಿ 68 ಜನ ಸತ್ತಿದ್ದು ಇದರಿಂದಾನೇ, ಅದಾದ್ಮೇಲೆ ರೆಕ್ಕೆ ಅಂಚಲ್ಲಿ ಐಸ್ ಒಡೆಯೋ ರಬ್ಬರ್ ಪಟ್ಟಿಗಳನ್ನ ಅಗಲ ಮಾಡಿದ್ರು, ಪೈಲಟ್ ನಿಯಮಗಳೂ ಬದಲಾದ್ವು.

ಅಂದ್ರೆ ಈ ವಿಮಾನಕ್ಕೆ ಬೇರೆ ಥರದ ಎಚ್ಚರ ಬೇಕು, ಒಳ್ಳೇ ತರಬೇತಿ ಬೇಕು. ಇಂಡಿಗೋ, ಅಲಯನ್ಸ್ ಏರ್ ಎರಡೂ ದಿನಕ್ಕೆ ಎಷ್ಟೋ ಸಲ ಇದನ್ನ ಹಾರಿಸ್ತಿವೆ, ಸರಿಯಾಗಿ ನೋಡ್ಕೊಂಡ್ರೆ ಭರವಸೆಯ ವಿಮಾನವೇ.

ಉಡಾನ್ ರೂಟುಗಳು ನಿಂತಿದ್ದು ಯಾಕೆ

2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಉಡಾನ್ ಬಗ್ಗೆ ವರದಿ ಕೊಡ್ತು. ಮೊದಲ 3 ಸುತ್ತಲ್ಲಿ ಹಂಚಿದ 774 ರೂಟುಗಳಲ್ಲಿ 403 ಶುರುವೇ ಆಗಿಲ್ಲ. ಶುರುವಾದ 371ರಲ್ಲಿ 3 ವರ್ಷದ ಸಬ್ಸಿಡಿ ಅವಧಿ ಪೂರ್ತಿ ಮಾಡಿದ್ದು 112. ಸಬ್ಸಿಡಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಸಿರಾಡ್ತಿದ್ದಿದ್ದು 54.

ಬೀದರಿನ ಕಥೆ ನೋಡಿದ್ರೆ ಈ ಅಂಕಿ ಕಣ್ಣಿಗೆ ಕಾಣುತ್ತೆ. 2020ರ ಫೆಬ್ರವರೀಲಿ ಟ್ರೂಜೆಟ್ ಎಟಿಆರ್ ಬೆಂಗಳೂರಿಂದ ಬಂತು, ಊರಿಗೆ ಊರೇ ಸಂಭ್ರಮ. 2022ರಲ್ಲಿ ಟ್ರೂಜೆಟ್ಟೇ ನಿಂತುಹೋಯ್ತು. ಆಮೇಲೆ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಲ್ತು, 2025ರ ಏಪ್ರಿಲಲ್ಲಿ ಮತ್ತೆ ಶುರು. ಕಾರಣ ಒಂದಲ್ಲ. ಟ್ರೂಜೆಟ್ ಥರದ ಪುಟ್ಟ ಕಂಪನಿ ಹತ್ತಿರ ಇರೋದೇ ಬೆರಳೆಣಿಕೆ ವಿಮಾನ, ಒಂದು ರಿಪೇರಿಗೆ ನಿಂತ್ರೆ 3 ಊರಿನ ಸರ್ವೀಸ್ ಕ್ಯಾನ್ಸಲ್, ಕ್ಯಾನ್ಸಲ್ ಆದ್ರೆ ಜನ ನಂಬಲ್ಲ, ನಂಬದಿದ್ರೆ ಸೀಟು ತುಂಬಲ್ಲ, ತುಂಬದಿದ್ರೆ ಬಾಡಿಗೆ ಕಟ್ಟೋದಕ್ಕೆ ದುಡ್ಡಿಲ್ಲ. ವಿಮಾನದ ಬಾಡಿಗೆ, ಬಿಡಿಭಾಗ, ಎಂಜಿನ್ ಓವರ್‌ಹಾಲ್ ಎಲ್ಲ ಡಾಲರಲ್ಲಿ, ಟಿಕೆಟ್ ಮಾರೋದು ರೂಪಾಯಲ್ಲಿ. ವಿಮಾನ ಇಲ್ಲೇ ತಯಾರಾದ್ರೆ, ಬಿಡಿಭಾಗ ಇಲ್ಲೇ ಸಿಕ್ಕಿದ್ರೆ, ಈ ಸರಪಳಿಯ ಒಂದೆರಡು ಕೊಂಡಿ ಖಂಡಿತ ಸಡಿಲ ಆಗುತ್ತೆ. ಪೂರ್ತಿ ಬಿಚ್ಚಿಕೊಳ್ಳುತ್ತೆ ಅಂತ ಹೇಳೋದಕ್ಕೆ ಮಾತ್ರ ಆಗಲ್ಲ.

ಆವ್ರೋ ಮಾಡಿದ್ವಿ, ಸರಸ್ ಹಾರಿಸಿದ್ವಿ, ಆಮೇಲೆ?

ಭಾರತಕ್ಕೆ ಇದೇನು ಹೊಸದಲ್ಲ. 1961ರ ನವೆಂಬರ್ 1ಕ್ಕೆ ಕಾನ್ಪುರದಲ್ಲಿ ಜೋಡಿಸಿದ ಆವ್ರೋ 748 ಹಾರಿತು, ಬ್ರಿಟಿಷ್ ವಿನ್ಯಾಸ, ಅದೂ ಟರ್ಬೋಪ್ರಾಪ್. ಒಟ್ಟು 89 ಮಾಡಿದ್ರು, ಕೆಲವು ಇಂಡಿಯನ್ ಏರ್‌ಲೈನ್ಸಿಗೆ, ಬಹುಪಾಲು ವಾಯುಪಡೆಗೆ. 1988ರ ಹೊತ್ತಿಗೆ ಲೈನ್ ಮುಚ್ಚಿತು. ಆ ಅನುಭವ ಇದ್ದ ಕೈಗಳು ರಿಟೈರ್ ಆಗೋ ಮುಂಚೆ ಮುಂದಿನ ವಿಮಾನ ಶುರು ಮಾಡಬೇಕಿತ್ತು, ಮಾಡಲಿಲ್ಲ. ನನ್ನ ಪ್ರಕಾರ ಇಡೀ ಕಥೇಲಿ ದೊಡ್ಡ ನಷ್ಟ ಇದೇ.

ಬೆಂಗಳೂರಿನ ಎನ್‌ಎಎಲ್ 1990ರ ಆಸುಪಾಸು ರಷ್ಯನ್ನರ ಜೊತೆ ಸೇರಿ 14 ಸೀಟಿನ ಸರಸ್ ಯೋಚನೆ ಶುರು ಮಾಡಿತು. ಸೋವಿಯತ್ ಒಕ್ಕೂಟ ಕುಸಿದು ರಷ್ಯನ್ನರ ಕೈ ಖಾಲಿ ಆಯ್ತು, ಅವರು ಹಿಂದೆ ಸರಿದ್ರು. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದ್ಮೇಲೆ ಅಮೆರಿಕದ ನಿರ್ಬಂಧದ ಪೆಟ್ಟು ಬಿತ್ತು. 1999ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ತು. 2004ರ ಮೇ 29ಕ್ಕೆ ಎಚ್‌ಎಎಲ್ ಏರ್‌ಪೋರ್ಟಿಂದ ಮೊದಲ ಸಲ ಹಾರಿದಾಗ ಬೆಂಗಳೂರಿಗೆ ಹೆಮ್ಮೆಯ ದಿನ. ಆದ್ರೆ ಖಾಲಿ ವಿಮಾನದ ತೂಕ 4,125 ಕಿಲೋ ಇರಬೇಕಾದ್ದು 5,118 ಕಿಲೋ ಬಂದಿತ್ತು. ಸುಮಾರು ಒಂದು ಟನ್ ಜಾಸ್ತಿ ಅಂದ್ರೆ 14 ಸೀಟಿನ ವಿಮಾನದಲ್ಲಿ ಏನರ್ಥ ಲೆಕ್ಕ ಹಾಕಿ, ಒಬ್ಬ ಪ್ರಯಾಣಿಕ ಲಗೇಜ್ ಸೇರಿ 90 ಕಿಲೋ ಅಂದ್ರೂ 11 ಜನರ ತೂಕ ವಿಮಾನಾನೇ ತಿಂದುಹಾಕಿದೆ. ಎರಡನೇ ಮಾದರೀನ ಹಗುರ ಮಾಡಿದ್ರು, ಅದು 2007ರಲ್ಲಿ ಹಾರಿತು. 2009ರ ಮಾರ್ಚ್ 6ಕ್ಕೆ ಅದೇ ವಿಮಾನ ಎಂಜಿನ್ ಆಫ್ ಮಾಡಿ ಮತ್ತೆ ಹೊತ್ತಿಸೋ ಪರೀಕ್ಷೆ ಮಾಡುವಾಗ ಬಿಡದಿ ಹತ್ತಿರ ಬಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕೊಟ್ರು. ಅಲ್ಲಿಂದಾಚೆ ಅನುಮಾನ, ವಿಳಂಬ, ಅನುದಾನ ನಿಂತಿದ್ದು. 2018ರ ಜನವರಿ 24ಕ್ಕೆ ಸುಧಾರಿಸಿದ ಮೊದಲ ಮಾದರಿ ಮತ್ತೆ ಹಾರಿತು, ಈಗ 19 ಸೀಟಿನ ಸರಸ್ ಮಾರ್ಕ್ 2 ಕೆಲಸ ನಡೀತಿದೆ.

ಇದರ ಪಕ್ಕ ಬ್ರೆಜಿಲನ್ನ ಇಟ್ಟು ನೋಡ್ಬೇಕು, ಸ್ವಲ್ಪ ನೋವಾಗುತ್ತೆ. 1968ರ ಅಕ್ಟೋಬರಲ್ಲಿ ಅವರ ಬಾಂದೈರಾಂಚೆ ಅನ್ನೋ ಪುಟ್ಟ ಟರ್ಬೋಪ್ರಾಪ್ ಹಾರಿತು. ಅದೂ ಸರ್ಕಾರಿ ಸಂಶೋಧನಾ ಸಂಸ್ಥೆಯ ಕೂಸೇ, ಸರಸ್ ಥರಾನೇ. ಮರುವರ್ಷ ಅದನ್ನ ತಯಾರಿಸೋದಕ್ಕೆ ಸರ್ಕಾರ ಎಂಬ್ರೇಯರ್ ಅನ್ನೋ ಕಂಪನಿ ಕಟ್ಟಿತು, ಅವರ ವಾಯುಪಡೆ ಶುರುವಲ್ಲೇ 80 ವಿಮಾನಕ್ಕೆ ಆರ್ಡರ್ ಕೊಡ್ತು. ಆ ಆರ್ಡರಿನ ಧೈರ್ಯದ ಮೇಲೆ ಫ್ಯಾಕ್ಟರಿ ನಿಂತಿತು, ತಪ್ಪು ತಿದ್ದಿಕೊಂಡ್ರು, ಕೊನೆಗೆ ಸುಮಾರು 500 ಬಾಂದೈರಾಂಚೆ ಮಾಡಿದ್ರು. ನಮ್ಮಲ್ಲಿ ಸರಸ್‌ಗೆ ವಾಯುಪಡೆ ತಗೋತೀನಿ ಅಂದಿದ್ದು 15. ಎನ್‌ಎಎಲ್ ಒಂದು ಪ್ರಯೋಗಾಲಯ, ವಿಮಾನ ಮಾರಿ ಸರ್ವೀಸ್ ಕೊಡೋ ಕಂಪನಿ ಅಲ್ಲ, ಆ ಕಂಪನಿ ಯಾವತ್ತೂ ಹುಟ್ಟಲೇ ಇಲ್ಲ. ಇವತ್ತು ಸ್ಟಾರ್ ಏರ್ ನಮ್ಮ ಊರುಗಳಿಗೆ ಹಾರಿಸ್ತಿರೋ ಜೆಟ್ಟುಗಳು ಆ ಎಂಬ್ರೇಯರ್ ಕಂಪನಿದೇ.

ಎಂಜಿನ್ ಅನ್ನೋ ಬೀಗ

ವಿಮಾನದ ದೇಹ ನಾವು ಮಾಡ್ಬೋದು, ಎಂಜಿನ್ ಇಲ್ಲ. ಎಟಿಆರ್, ಡ್ಯಾಶ್ 8, ವಾಯುಪಡೆಯ ಆವ್ರೋ ಜಾಗಕ್ಕೆ ಬರ್ತಿರೋ ಸಿ-295, ಇವಕ್ಕೆಲ್ಲ ಎಂಜಿನ್ ಕೊಡೋದು ಒಂದೇ ಕಂಪನಿ, ಪ್ರಾಟ್ ಅಂಡ್ ವಿಟ್ನಿ ಕೆನಡಾ. ನಮ್ಮ ಸರಸ್‌ಗೂ ಅವರದ್ದೇ. ಚೀನಾದವರು ಎಂಎ700 ಅಂತ ಎಟಿಆರ್‌ಗೆ ಪೈಪೋಟಿ ಕೊಡೋ ವಿಮಾನ ಮಾಡ್ತಿದ್ರು, ಕೆನಡಾ ಎಂಜಿನ್ನಿಗೆ ರಫ್ತು ಪರವಾನಗಿ ಕೊಡಲಿಲ್ಲ, ಯೋಜನೆ ಅಲ್ಲೇ ಕೂತಿತು. ಅಷ್ಟು ದೊಡ್ಡ ದೇಶಕ್ಕೇ ಹೀಗಾಯ್ತು. ನಮ್ಮ ಕೆನಡಾ ಸಂಬಂಧ 2023ರಲ್ಲಿ ಎಷ್ಟು ಹಾಳಾಯ್ತು ಅಂತ ನೆನಪಿದ್ರೆ ಈ ಅಪಾಯ ದೂರದ್ದಲ್ಲ ಅಂತ ಗೊತ್ತಾಗುತ್ತೆ.

ಸೂಪರ್‌ಜೆಟ್: 2 ಕಡೆಯ ವಾದ

ಪರವಾಗಿ ಹೇಳೋರ ಮಾತಲ್ಲಿ ಹುರುಳಿದೆ. ಆವ್ರೋ ನಂತರ ಪೂರ್ತಿ ಪ್ರಯಾಣಿಕ ವಿಮಾನ ಇಲ್ಲಿ ತಯಾರಾಗೋದು ಇದೇ ಮೊದಲು ಅಂತ ಎಚ್‌ಎಎಲ್ ಹೇಳಿದೆ, ಮುಂದಿನ 10 ವರ್ಷಕ್ಕೆ ಈ ಅಳತೆಯ 200ಕ್ಕೂ ಹೆಚ್ಚು ಜೆಟ್ ಬೇಕು ಅನ್ನೋದು ಅವರ ಅಂದಾಜು. ಪಶ್ಚಿಮದ ಕಂಪನಿಗಳು ಇಲ್ಲಿಂದ ಬಿಡಿಭಾಗ ತಗೊಳ್ತಾವೆ, ಕೋಲಾರದ ವೇಮಗಲ್ಲಿಗೆ ಹೆಲಿಕಾಪ್ಟರ್ ಜೋಡಣೆ ತಂದಿದ್ದಾರೆ, ವಡೋದರಾದಲ್ಲಿ ಸಿ-295 ಜೋಡಿಸ್ತಾರೆ, ಪ್ರಯಾಣಿಕ ವಿಮಾನದ ಲೈನ್ ಮಾತ್ರ 2025ರವರೆಗೆ ಯಾರೂ ಕೊಟ್ಟಿರಲಿಲ್ಲ. ರಷ್ಯಾ ಕೊಡ್ತೀನಿ ಅಂತಿದೆ. ಒಂದು ಲೈನ್ ಬಂದ್ರೆ ಎಂಜಿನಿಯರುಗಳು, ಸಪ್ಲೈಯರುಗಳು, ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಎಲ್ಲರೂ ಕಲೀತಾರೆ.

ವಿರೋಧದ ವಾದ ಇನ್ನೂ ಭಾರ ಅಂತ ನನಗನಿಸುತ್ತೆ. ಸೂಪರ್‌ಜೆಟ್ 2008ರಲ್ಲಿ ಹಾರಿದಾಗ ಅದರಲ್ಲಿದ್ದಿದ್ದು ಫ್ರೆಂಚರ ಜೊತೆ ಸೇರಿ ಮಾಡಿದ ಎಂಜಿನ್. ಮೆಕ್ಸಿಕೋದ ಇಂಟರ್‌ಜೆಟ್ 22 ತಗೊಂಡು ಬಿಡಿಭಾಗ ಸಿಗದೆ ಒಂದು ವಿಮಾನ ಬಿಚ್ಚಿ ಇನ್ನೊಂದಕ್ಕೆ ಹಾಕೋ ಸ್ಥಿತಿಗೆ ಬಂತು. ಉಕ್ರೇನ್ ಯುದ್ಧದ ನಂತರ ಪಶ್ಚಿಮದ ಭಾಗಗಳು ನಿಂತವು, ಈಗಿನ ಎಸ್‌ಜೆ-100 ಅಂದ್ರೆ ರಷ್ಯಾದ್ದೇ ಪಿಡಿ-8 ಎಂಜಿನ್, ರಷ್ಯಾದ್ದೇ ಉಪಕರಣ ಹಾಕಿ ಮರುರೂಪಿಸಿದ್ದು, ಪಿಡಿ-8 ಹಾಕಿದ ವಿಮಾನ ಮೊದಲು ಹಾರಿದ್ದು 2025ರ ಮಾರ್ಚಲ್ಲಿ. ತಯಾರಕ ಕಂಪನಿ ಅಮೆರಿಕ ಮತ್ತೆ ಯುರೋಪಿನ ನಿರ್ಬಂಧದ ಪಟ್ಟೀಲಿದೆ. ನಮ್ಮ ಏರ್‌ಲೈನುಗಳ ವಿಮಾನ ಬಹುಪಾಲು ವಿದೇಶೀ ಲೀಸಿಂಗ್ ಕಂಪನಿಗಳದ್ದು, 2022ರಲ್ಲಿ ಆ ಕಂಪನಿಗಳ 400ಕ್ಕೂ ಹೆಚ್ಚು ವಿಮಾನ ರಷ್ಯಾದಲ್ಲೇ ಸಿಕ್ಕಿಹಾಕ್ಕೊಂಡಿದ್ವು, ಅವರು ಈ ವಿಮಾನಕ್ಕೆ ದುಡ್ಡು ಹಾಕೋದು ಕಷ್ಟ. ತೇಜಸ್‌ಗೆ ಅಮೆರಿಕದ ಎಂಜಿನ್ನನ್ನೇ ಕಾಯ್ತಿರೋ ಎಚ್‌ಎಎಲ್ ಈ ಕಡೆಯಿಂದ ನಿರ್ಬಂಧದ ಬಿಸಿ ತಾಗದ ಹಾಗೂ ನೋಡ್ಕೊಬೇಕು. ಇಷ್ಟೆಲ್ಲ ದಾಟಿ ಬಂದ್ರೂ ಅದು ಜೆಟ್ಟು, ಮೈಸೂರು, ಅಗತ್ತಿ, ಶಿಮ್ಲಾದ ರನ್‌ವೇ ಅಷ್ಟೇ ಉದ್ದ ಇರುತ್ತೆ.

ಸಹಿ ಆಗಿರೋದು ಒಡಂಬಡಿಕೆಗೆ ಅನ್ನೋದನ್ನೂ ಮರೀಬಾರ್ದು. ಅದು ಏರ್‌ಲೈನಿನ ಆರ್ಡರ್ ಅಲ್ಲ.

ಮುಂದೆ ಏನು ನೋಡ್ಬೇಕು

ಎನ್‌ಎಎಲ್‌ನ ಪ್ರಾದೇಶಿಕ ವಿಮಾನ, ಆರ್‌ಟಿಎ ಅಂತ ಕರೆಯೋದು, 70ರಿಂದ 90 ಸೀಟಿನ ಟರ್ಬೋಪ್ರಾಪ್. 2000ದ ದಶಕದ ಕೊನೆಯಿಂದ ಅದರ ಮಾತಿದೆ, ಇಸ್ರೋ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ನೇತೃತ್ವದಲ್ಲಿ ಸಮಿತೀನೂ ಆಯ್ತು, ವಿಮಾನ ಮಾತ್ರ ಕಾಗದ ಬಿಟ್ಟು ಏಳಲಿಲ್ಲ. ಕಾರಣ ಬುದ್ಧಿವಂತಿಕೆಯ ಕೊರತೆ ಅಲ್ಲ. ಮಾದರಿ ಹಾರಿಸೋದಕ್ಕಿಂತ ಅದನ್ನ ಸರ್ಟಿಫೈ ಮಾಡಿಸೋದು, ಫ್ಯಾಕ್ಟರಿ ಕಟ್ಟೋದು, 30 ವರ್ಷ ಬಿಡಿಭಾಗ ಕೊಡೋದು ಎಷ್ಟೋ ಪಟ್ಟು ದುಬಾರಿ, ಆ ದುಡ್ಡು ಹಾಕೋನಿಗೆ ಕೊಳ್ಳೋರು ಯಾರು ಅಂತ ಮೊದಲೇ ಗೊತ್ತಿರಬೇಕು. ಇಂಡಿಗೋ 2017ರಲ್ಲಿ ಒಂದೇ ಸಲಕ್ಕೆ 50 ಎಟಿಆರ್‌ಗೆ ಕೈಹಾಕಿತು, ಅಂದ್ರೆ ಮಾರ್ಕೆಟ್ ಇದೆ. ಆದ್ರೆ ಯಾವ ಖಾಸಗಿ ಏರ್‌ಲೈನೂ ಇನ್ನೂ ಹಾರದ ವಿಮಾನಕ್ಕೆ ಮೊದಲ ಗಿರಾಕಿ ಆಗಲ್ಲ, ಆಗು ಅಂತ ಹೇಳೋದೂ ನ್ಯಾಯ ಅಲ್ಲ. ಮೊದಲ ಗಿರಾಕಿ ಸರ್ಕಾರಾನೇ ಆಗ್ಬೇಕು, ಬ್ರೆಜಿಲಲ್ಲಿ ಆದ ಹಾಗೆ. ಕರಾವಳಿ ಪಡೆ, ಬಿಎಸ್‌ಎಫ್, ವಾಯುಪಡೆ, ಅಲಯನ್ಸ್ ಏರ್, ಇವೆಲ್ಲ ಸೇರಿಸಿದ್ರೆ ಒಂದು ಲೈನ್ ನಡೆಸೋವಷ್ಟು ವಿಮಾನ ಆಗುತ್ತೆ.

ಹಾಗಾಗಿ ಮುಂದಿನ ಸಲ ದೇಶೀ ವಿಮಾನದ ಸುದ್ದಿ ಬಂದಾಗ 3 ವಿಷಯ ಹುಡುಕಿ. ಎಂಜಿನ್ ಯಾರದ್ದು, ಅದಕ್ಕೆ ರಫ್ತು ಪರವಾನಗಿಯ ಭರವಸೆ ಬರವಣಿಗೇಲಿ ಇದೆಯಾ. ಸೀಟು 80ರ ಒಳಗಾ ಹೊರಗಾ, ಯಾಕಂದ್ರೆ 90 ಸೀಟು ಅಂತ ಹೊರಟ್ರೆ ಎಟಿಆರ್‌ಗೆ ಸಿಗೋ ಲ್ಯಾಂಡಿಂಗ್ ರಿಯಾಯ್ತೀನ ನಮ್ಮ ವಿಮಾನ ನಮ್ಮ ನೆಲದಲ್ಲೇ ಕಳ್ಕೊಳ್ಳುತ್ತೆ, ನಿಯಮ ತಿದ್ದದಿದ್ರೆ. ಮೂರನೇದು, ದುಡ್ಡು ಕಟ್ಟಿದ ಆರ್ಡರ್ ಎಷ್ಟು ಮತ್ತೆ ಯಾರದ್ದು. ಇವತ್ತೇ ಈ ಮೂರೂ ತೀರ್ಮಾನ ಆದ್ರೂ ಅಂಥ ವಿಮಾನ ಪ್ರಯಾಣಿಕರನ್ನ ಹತ್ತಿಸ್ಕೊಳ್ಳೋದಕ್ಕೆ 10 ವರ್ಷವಾದ್ರೂ ಬೇಕು, ಅಷ್ಟರಲ್ಲಿ ಇಂಡಿಗೋದ ಮೊದಲ ಎಟಿಆರ್‌ಗಳಿಗೆ ವಯಸ್ಸಾಗಿ ಅವುಗಳ ಜಾಗಕ್ಕೆ ಹೊಸದು ಹುಡುಕೋ ಕಾಲ ಬಂದಿರುತ್ತೆ.